ಶಾಯಿ ಯಾವುದಾದರೇನು ಎನ್ನುವವರಿಗೆ

“ಚಿತ್ರಕ್ಕೆ ಕೈ ಪಳಗಿದ್ದರಾಯಿತು, ಶಾಯಿ ಯಾವುದಾದರೇನು?” ಎಂದು ಕೇಳುವ ಜಾಣರು ನಮ್ಮಲ್ಲಿ ಬಹಳ ಮಂದಿ. ಆ ಮಾತನ್ನು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ. ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಅದ್ದಿ ಬರೆಯುವ ಲೇಖನಿಯಿಂದ ಆಕೆಯ ಚಿತ್ರ ಬರೆದಿದ್ದೆ. ಮನೆಯಲ್ಲಿದ್ದ ಫೌಂಟನ್ ಪೆನ್ನಿನ ನೀಲಿ ಶಾಯಿಯೇ ಸಾಕೆಂದುಕೊಂಡೆ. ಕಟ್ಟು ಹಾಕಿಸಿ ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದೆವು. ಅಜ್ಜಿ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಆಕೆಯ ಮುಖದ ಗೆರೆಗಳೂ ಒಂದೊಂದಾಗಿ ಹೊರಟುಹೋದವು. ಈಗ ಕಟ್ಟಿನೊಳಗೆ ಉಳಿದಿರುವುದು ಮಾಸಿದ ಕಾಗದ.

ತಪ್ಪು ಶಾಯಿಯದಲ್ಲ, ಅದನ್ನು ಆರಿಸಿದವನದು. ಫೌಂಟನ್ ಪೆನ್ನಿನ ಶಾಯಿ ಬಹುಮಟ್ಟಿಗೆ ನೀರಿನಲ್ಲಿ ಕರಗಿದ ಬಣ್ಣ. ಬೆಳಕಿಗೆ ಮಾಸುತ್ತದೆ, ನೀರಿಗೆ ಹರಡುತ್ತದೆ. ಅನ್ನಭೇದಿಯ ಹಳೆಯ ಶಾಯಿ ಗಟ್ಟಿಯೆಂದು ಹೊಗಳುವವರೂ ಇದ್ದಾರೆ. ಕಪ್ಪೇನೋ ನಿಜ, ಆದರೆ ಅದರ ಆಮ್ಲ ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ. ಚಿತ್ರಕ್ಕೆ ತಕ್ಕದ್ದು ಇಂಗಾಲದ ಮಸಿಯಿಂದ ಮಾಡಿದ ಇಂಡಿಯನ್ ಇಂಕ್. ಬೆಳಕು ಅದನ್ನು ಮಾಸಿಸದು. ಅರಗು ಬೆರೆಸಿದ್ದಾದರೆ ಒಣಗಿದ ಮೇಲೆ ನೀರಿಗೂ ಹರಡದು. ಆದರೆ ಅದನ್ನು ಫೌಂಟನ್ ಪೆನ್ನಿಗೆ ತುಂಬಿದಿರೋ, ಪೆನ್ನು ಕಟ್ಟಿಕೊಂಡಿತೆಂದೇ ತಿಳಿಯಿರಿ.

ಇದೇನು ಹೊಸ ವಿದ್ಯೆಯೇ? ನಮ್ಮ ಹಿರಿಯರು ತಾಳೆಗರಿಯಲ್ಲಿ ಕಂಟದಿಂದ ಕೊರೆದು ಮಸಿ ಸವರಿದ ಅಕ್ಷರಗಳನ್ನು ಇಂದಿಗೂ ಓದುತ್ತಿದ್ದೇವೆ. 1962ರ ಮಹಾಚುನಾವಣೆಯಿಂದ ಮತದಾರನ ಬೆರಳಿಗೆ ಅಳಿಸದ ಶಾಯಿ ಒದಗಿಸುತ್ತಿರುವುದು ಮೈಸೂರಿನ ಕಾರ್ಖಾನೆ. ಅದು ಬೇರೆ ಬಗೆಯ ಶಾಯಿ, ಒಪ್ಪಿದೆ. ಆದರೆ ಒಂದು ದಿನದ ಮತಕ್ಕಿರುವ ಎಚ್ಚರ ಒಂದು ಜೀವದ ಚಿತ್ರಕ್ಕೆ ಬೇಡವೇ?

ಇನ್ನು ಸೀಸೆ. ಎತ್ತರದ, ಕಿರುಕತ್ತಿನ ಸೀಸೆ ಅಂಗಡಿಯ ಕಪಾಟಿಗೆ ಚೆಂದ. ಶಾಯಿ ಇಳಿದಂತೆಲ್ಲ ಹಿಡಿಕೆಗೂ ಬೆರಳಿಗೂ ಮಸಿ. ನಿಬ್ಬಿನ ಮೊನೆ ತಳಕ್ಕೆ ಬಡಿದು ಕೆಡುತ್ತದೆ. ಮೊಣಕೈ ತಾಗಿದರಂತೂ ದಿನವೆಲ್ಲ ಬರೆದ ಚಿತ್ರ ಶಾಯಿಯಲ್ಲಿ ಮುಳುಗಿತು. ನಮಗೆ ಬೇಕಾದದ್ದು ಗಿಡ್ಡಗಿನ, ಅಗಲ ಬಾಯಿಯ, ತಳ ಭಾರವಾದ ದೌತಿ. ನಿಬ್ಬಿನ ತೂತು ಮುಳುಗುವಷ್ಟು ಶಾಯಿ ಮಾತ್ರ ಅದಕ್ಕೆ ಹಾಕಿಕೊಳ್ಳಿ. ಮಿಕ್ಕದ್ದನ್ನು ದೊಡ್ಡ ಸೀಸೆಗೆ ಮರಳಿ ಸುರಿಯಬೇಡಿ. ದೂಳೂ ಕಾಗದದ ನಾರೂ ಸೇರಿ ಇಡೀ ಸೀಸೆ ಕೆಡುತ್ತದೆ. ಕೆಲಸ ಮುಗಿದೊಡನೆ ನಿಬ್ಬು ತೊಳೆದು ಒರೆಸಿ.

“ಒಳ್ಳೆಯ ಶಾಯಿ ದುಬಾರಿ” ಎನ್ನುತ್ತೀರಾ? ಕಟ್ಟಿಗೂ ಗಾಜಿಗೂ ಚೌಕಾಸಿಯಿಲ್ಲದೆ ಹಣ ತೆರುವ ನಾವು, ಅವುಗಳೊಳಗೆ ನಿಲ್ಲಬೇಕಾದ ಗೆರೆಗೆ ಮಾತ್ರ ಕಾಸು ಎಣಿಸುತ್ತೇವೆ!

ಅಂಗಡಿಯವರ ಮಾತೂ ಬೇಡ, ನನ್ನ ಮಾತೂ ಬೇಡ. ಕೊಂಡ ಶಾಯಿಯಿಂದ ಕಾಗದದ ಮೇಲೆ ನಾಲ್ಕು ಗೆರೆ ಎಳೆಯಿರಿ. ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದೆರಡು ತಿಂಗಳು ಇಡಿ. ಆಮೇಲೆ ರಟ್ಟು ತೆಗೆದು ನೋಡಿ. ಎರಡು ಭಾಗವೂ ಒಂದೇ ಕಪ್ಪಾಗಿದ್ದರೆ, ಆಗ ನಿಮ್ಮ ಅಜ್ಜಿಯನ್ನು ಎದುರಿಗೆ ಕೂರಿಸಿಕೊಳ್ಳಿ.