ಬಿಟ್ಟಿ ಭಾಗ್ಯವೋ, ಬಡವರ ಹಕ್ಕೋ?

ಮುಂಡಗೋಡ ತಾಲೂಕಿನ ಇಂದೂರದಿಂದ ಪೇಟೆಗೆ ಕೂಲಿಗೆ ಹೊರಡುವ ಮಹಿಳೆಯು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸರಕಾರಿ ಬಸ್ಸಿಗೆ ಹಣ ತೆರಬೇಕಾಗಿಲ್ಲ. ಆ ಉಳಿತಾಯವು ಮನೆಯಲ್ಲಿ ಹಾಲಾಗುತ್ತದೆ, ಮಗುವಿನ ನೋಟ್ ಪುಸ್ತಕವಾಗುತ್ತದೆ. ಇದನ್ನು ಉಳ್ಳವರು 'ಬಿಟ್ಟಿ ಭಾಗ್ಯ' ಎಂದು ಹಂಗಿಸುತ್ತಾರೆ. ಜನರು ಸೋಮಾರಿಗಳಾಗುತ್ತಾರೆಂದು ಮರುಗುತ್ತಾರೆ. ಆಕೆ ಬಸ್ಸು ಹತ್ತುವುದೇ ದುಡಿಯಲಿಕ್ಕೆ ಎಂಬುದು ಇವರಿಗೇಕೆ ಕಾಣುವುದಿಲ್ಲ?

2015ರ ಬಜೆಟ್‌ನಲ್ಲಿ ಕೇಂದ್ರ ಸರಕಾರವು ಸಂಪತ್ತಿನ ತೆರಿಗೆಯನ್ನೇ ರದ್ದುಪಡಿಸಿತು. 2019ರಲ್ಲಿ, ಇತರ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪೆನಿಗಳ ಮೂಲ ತೆರಿಗೆಯನ್ನು ಶೇ. 22ಕ್ಕೆ ಇಳಿಸಿತು. ಆಗ 'ಬಿಟ್ಟಿ' ಎಂಬ ಪದ ಇವರ ನಾಲಿಗೆಗೆ ಬರಲಿಲ್ಲ. ಥಾಮಸ್ ಪಿಕೆಟ್ಟಿ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2022-23ರಲ್ಲಿ ಭಾರತದ ಶೇ. 1ರಷ್ಟು ಅತಿ ಶ್ರೀಮಂತರ ಕೈಯಲ್ಲಿ ದೇಶದ ಶೇ. 40.1ರಷ್ಟು ಸಂಪತ್ತಿತ್ತು.

ಇಷ್ಟಾದರೂ ಜನರೇಕೆ ಸಹಿಸುತ್ತಾರೆ? 2020ರಲ್ಲಿ ನಿಧನರಾದ ಅರ್ಥಶಾಸ್ತ್ರಜ್ಞ ಆಲ್ಬರ್ಟೊ ಅಲೆಸಿನಾ ಈ ಪ್ರಶ್ನೆಯನ್ನೇ ಕೆದಕಿದ್ದರು. 2004ರ ಒಂದು ಅಧ್ಯಯನದಲ್ಲಿ ಅವರು ಮತ್ತು ಸಹಸಂಶೋಧಕರು ಕಂಡಂತೆ, ಅಸಮಾನತೆ ಹೆಚ್ಚಿದಾಗ ಯುರೋಪಿನ ಬಡವರ ನೆಮ್ಮದಿ ಕುಂದುತ್ತದೆ. ಅಮೆರಿಕದ ಬಡವರಲ್ಲಿ ಅಂತಹ ಪರಿಣಾಮ ಕಾಣುವುದಿಲ್ಲ. ನಾಳೆ ತಾವೂ ಮೇಲೇರುತ್ತೇವೆಂಬ ನಂಬಿಕೆಯೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಅಮೆರಿಕದಲ್ಲಿ ಬಡವರಿಗೆ ನೆರವು ಕಡಿಮೆಯಿರಲು ಜನಾಂಗೀಯ ಒಡಕು ಒಂದು ಮುಖ್ಯ ಕಾರಣವೆಂದೂ ಅವರು ತೋರಿಸಿದರು. ನೆರವು 'ಬೇರೆಯವರ' ಪಾಲಾಗುತ್ತದೆ ಎನಿಸಿದೊಡನೆ ಕೊಡುವ ಮನಸ್ಸು ಮುದುಡುತ್ತದೆ.

ನಮ್ಮಲ್ಲಿ ಕೋಮುವಾದವು ಮಾಡುತ್ತಿರುವುದೂ ಇದನ್ನೇ. ಬಡವನನ್ನು ಬಡವನ ಮೇಲೆ ಎತ್ತಿಕಟ್ಟಿದರೆ ತಿಜೋರಿಯ ಕಡೆ ನೋಡುವವರು ಯಾರು? ಹಳಿಯಾಳ, ಮುಂಡಗೋಡಗಳ ಸಿದ್ದಿಯರನ್ನು ನೋಡಿ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಧರ್ಮ ಮೂರಾದರೂ ಬಡತನ ಒಂದೇ. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು 2003ರಲ್ಲಿ ಮಾತ್ರ.

ಆದರೆ ಬೆರಳನ್ನು ಇತರರತ್ತ ಮಾತ್ರ ತೋರಿಸಿದರೆ ಸಾಲದು. ಮದುವೆ ಮಂಟಪದ ಆಡಂಬರಕ್ಕೆ ಲಕ್ಷಗಟ್ಟಲೆ ಸುರಿದು, ನೆರೆಮನೆಯ ಹಸಿವಿಗೆ ಕಣ್ಣು ಮುಚ್ಚುವವರು ನಮ್ಮಲ್ಲಿಲ್ಲವೇ? 'ನಮ್ಮವರಿಗೆ ಮಾತ್ರ' ಎಂಬ ಮನೋಭಾವ ನಮ್ಮಲ್ಲೂ ಇಲ್ಲವೇ? ಉಳ್ಳವರ ಸಂಪತ್ತಿನಲ್ಲಿ ಬಡವನಿಗಿರುವುದು ಭಿಕ್ಷೆಯಲ್ಲ, ಹಕ್ಕು. ಝಕಾತ್ ಕಲಿಸುವುದೂ ಇದನ್ನೇ. ಆ ಹಕ್ಕನ್ನು ಎಲ್ಲ ಬಡವರಿಗಾಗಿ ಕೇಳುವ ಧೈರ್ಯ ತೋರಿದಾಗ ಮಾತ್ರ ನಮ್ಮ ಮಾತಿಗೆ ಬೆಲೆ ಬಂದೀತು.