ಬರೀ ಗಲಾಟೆ ಅನ್ನಬೇಡಿ

ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿರುವ ನಮ್ಮಂಥ ಕನ್ನಡಿಗರಿಗೆ ಒಂದು ಪದ ತುಂಬ ಸಲೀಸು: ಗಲಾಟೆ. ಪಾರ್ಕಿಂಗ್ ಜಾಗಕ್ಕೆ ಇಬ್ಬರು ಕಿತ್ತಾಡಿದರೂ ಗಲಾಟೆ. ಊರು, ಭಾಷೆ, ಧರ್ಮ ವಿಚಾರಿಸಿಕೊಂಡು ಒಬ್ಬನಿಗೆ ಹೊಡೆದರೂ ಗಲಾಟೆ. ಎರಡನೆಯದು ದ್ವೇಷದ ಅಪರಾಧ. ಹಾಗೆ ಕರೆಯಲು ನಮಗೇಕೆ ಇಷ್ಟು ಸಂಕೋಚ?

ವ್ಯತ್ಯಾಸವೇನು ಎನ್ನುವವರು 2018ನ್ನು ನೆನೆಯಲಿ. ಸೆಪ್ಟೆಂಬರ್ 28ರಂದು ಹಿಮ್ಮತ್‌ನಗರದ ಬಳಿ 14 ತಿಂಗಳ ಕೂಸಿನ ಮೇಲೆ ಅತ್ಯಾಚಾರವಾಯಿತು. ಬಿಹಾರ ಮೂಲದ ಆರೋಪಿಯನ್ನು ಕೂಡಲೇ ಹಿಡಿದರು. ಆದರೂ ಸಾಬರಕಾಂಠಾ, ಮೆಹಸಾಣಾ, ಗಾಂಧಿನಗರ, ಅಹಮದಾಬಾದುಗಳಲ್ಲಿ ಹಿಂದಿ ಮಾತಾಡುವ ಕೂಲಿಕಾರರನ್ನು ಹುಡುಕಿ ಹೊಡೆದರು. 400ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಅಷ್ಟರಲ್ಲಿ ಸಾವಿರಾರು ಜನ ರೈಲು, ಬಸ್ಸು ಹತ್ತಿಯಾಗಿತ್ತು. ಪೆಟ್ಟು ಬಿದ್ದದ್ದು ಕೆಲವರ ಬೆನ್ನಿಗೆ. ಗಂಟುಮೂಟೆ ಕಟ್ಟಿದ್ದು ಓಣಿಗೆ ಓಣಿ. ಬರೀ ಗಲಾಟೆ ಇಷ್ಟು ದೂರ ಮುಟ್ಟುವುದಿಲ್ಲ.

‘ಅದು ಕೂಲಿಯವರ ಪಾಡು, ನಾವು ಓದಿದವರು’ ಎನ್ನಬೇಡಿ. 2024ರ ಮಾರ್ಚ್ 16ರ ರಾತ್ರಿ ಗುಜರಾತ್ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಗುಂಪು ನುಗ್ಗಿ ಹೊಡೆದದ್ದು ರಂಜಾನ್ ನಮಾಜು ಮಾಡುತ್ತಿದ್ದ ವಿದೇಶಿ ವಿದ್ಯಾರ್ಥಿಗಳಿಗೆ. ‘ನಮ್ಮ ಬೆಂಗಳೂರು ಹಾಗಲ್ಲ’ ಎಂದೂ ಬೀಗಬೇಡಿ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಅಲ್ಲಿನ ರೈಲು ನಿಲ್ದಾಣಕ್ಕೆ ಓಡಿದ್ದರು. ಯಾರು ಹೊರಗಿನವರು ಎಂಬುದನ್ನು ಗುಂಪು ಆ ಗಳಿಗೆಯಲ್ಲಿ ತೀರ್ಮಾನಿಸುತ್ತದೆ. ನಮ್ಮ ಡಿಗ್ರಿ ನೋಡಿ ಅಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಜಾತಿ, ಸಮುದಾಯ, ಹುಟ್ಟಿದ ಊರು, ಭಾಷೆ, ನಂಬಿಕೆಯಂಥ ಕಾರಣಕ್ಕೆ ಐವರು ಅಥವಾ ಹೆಚ್ಚು ಜನ ಸೇರಿ ಕೊಂದರೆ ಮರಣದಂಡನೆ ಇಲ್ಲವೇ ಜೀವಾವಧಿ. ತೀವ್ರವಾಗಿ ಗಾಯಗೊಳಿಸಿದರೆ 7 ವರ್ಷದವರೆಗೆ ಜೈಲು. ನಾಲ್ವರು ಹೊಡೆದರೆ? ಸಣ್ಣ ಗಾಯವಾದರೆ? ಈ ಕಲಮುಗಳು ಅನ್ವಯಿಸುವುದಿಲ್ಲ. ಇದು ಕಾನೂನಿನ ಕೊರತೆ. ಇನ್ನೊಂದು ಕೊರತೆ ನಮ್ಮದೇ. ದ್ವೇಷದ ಕಾರಣ ಹೆಚ್ಚಾಗಿ ಗೊತ್ತಾಗುವುದು ಹೊಡೆಯುವಾಗ ಆಡಿದ ಮಾತಿನಿಂದ. ದೂರು ಬರೆಸುವಾಗ ನಾವು ಮೊದಲು ನುಂಗುವುದೂ ಆ ಮಾತನ್ನೇ.

ಸಾಫ್ಟ್‌ವೇರ್ ಕಸುಬಿನಲ್ಲಿ ಕಾರಣದ ಕಾಲಂನಲ್ಲಿ ‘ಇತರೆ’ ಎಂದು ಬರೆದು ಮುಚ್ಚಿದ ಟಿಕೆಟ್ ಮುಂದಿನ ತಿಂಗಳು ಮತ್ತೆ ತೆರೆದುಕೊಳ್ಳುತ್ತದೆ. ದೇಶದ ಲೆಕ್ಕವೂ ಹಾಗೇ ಆಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2017ರಲ್ಲಿ ಗುಂಪು ಹತ್ಯೆ, ದ್ವೇಷಾಪರಾಧಗಳ ಮಾಹಿತಿ ಕಲೆಹಾಕಿ, ಅದು ನಂಬಲರ್ಹವಲ್ಲವೆಂದು ಕೈಬಿಟ್ಟಿತು. ಲೆಕ್ಕವೇ ಇಲ್ಲದ ಮೇಲೆ ‘ಅಂಥದ್ದೇನೂ ಇಲ್ಲ’ ಎನ್ನುವುದು ಸುಲಭ.

ಆದ್ದರಿಂದ 112ಕ್ಕೆ ಕರೆ ಮಾಡಿ. ಬೈದ ಮಾತನ್ನು ಬೈದ ಭಾಷೆಯಲ್ಲೇ, ಅಂದೇ ಬರೆದಿಡಿ. ಗಾಯಕ್ಕೆ ವೈದ್ಯರ ಚೀಟಿ, ಸಿಸಿಟಿವಿ, ನೋಡಿದವರ ಹೆಸರು ಕೂಡಿಸಿ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಮಾಡಿಸಬಹುದು. ಇ-ಮೇಲ್‌ನಂಥ ಮಾರ್ಗದಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಓದಿಸಿಕೊಂಡೇ ಸಹಿ ಮಾಡಿ. ಆ ಮಾತು ಬಿಟ್ಟಿದ್ದರೆ ಸೇರಿಸಿ ಎನ್ನಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟರಿದ್ದಾರೆ. ಪೆಟ್ಟು ತಿಂದವನು ಭಾಷೆ ಬಾರದ ಕೂಲಿಯಾದರೆ ಜೊತೆಗೆ ಹೋಗಿ. ನಾಲ್ಕು ಭಾಷೆ ಬಲ್ಲ ನಮಗೆ ಅದೇನು ಭಾರವಲ್ಲ.

‘ಬಾಡಿಗೆ ಮನೆಯವರು ನಾವು, ಇಲ್ಲದ ಉಸಾಬರಿ ಯಾಕೆ? ಊರಿಗೂ ಕೆಟ್ಟ ಹೆಸರು’ ಎನ್ನುವವರಿದ್ದಾರೆ. ಊರಿಗೆ ಕೆಟ್ಟ ಹೆಸರು ತರುವವರು ಹೊಡೆದವರು, ದೂರು ಬರೆಸಿದವರಲ್ಲ.