ಕ್ಯಾಮೆರಾ ಕಂಡರೆ ಬ್ರೇಕು, ಊರು ಕಂಡರೆ ಎಕ್ಸಲೇಟರು!

ಮೊನ್ನೆ ಒಂದು ಸುದ್ದಿಗೆಂದು ಬಾಡಿಗೆ ಕಾರು ಹತ್ತಿದ್ದೆವು. ಡ್ಯಾಶ್‌ಬೋರ್ಡ್ ಮೇಲೆ ಗಣಪತಿ, ಪಕ್ಕದಲ್ಲೊಂದು ಕಪ್ಪು ಡಬ್ಬಿ. ಅದು ಕುಂಯ್ ಎಂದಾಗಲೆಲ್ಲ ಕಾರು 70ಕ್ಕೆ ಇಳಿಯುತ್ತಿತ್ತು. ಸುಮ್ಮನಾದ ಕೂಡಲೇ 110. ದಾರಿಯಲ್ಲಿ ಶಾಲೆ ಬಂತು, ಸಂತೆ ಬಂತು, ಹಸು ಹೊಡೆದುಕೊಂಡು ಹೋಗುವ ಅಜ್ಜಿ ಬಂದರು. ಡಬ್ಬಿ ಒಂದಕ್ಕೂ ಬಾಯಿ ಬಿಡಲಿಲ್ಲ.

ಇದರ ಹೆಸರು ರೇಡಾರ್ ಡಿಟೆಕ್ಟರ್. ಪೊಲೀಸರ ರೇಡಾರ್ ಗನ್ ರೇಡಿಯೋ ಅಲೆ ಬಿಡುತ್ತದೆ. ಅಲೆ ಗಾಡಿಗೆ ಬಡಿದು ವಾಪಸ್ ಬರುವಾಗ ಆಗುವ ವ್ಯತ್ಯಾಸದಿಂದ ವೇಗ ಗೊತ್ತಾಗುತ್ತದೆ. ಆ ಅಲೆಯನ್ನು ದೂರದಿಂದಲೇ ಮೂಸಿ ಎಚ್ಚರಿಸುವುದಷ್ಟೇ ಈ ಡಬ್ಬಿಯ ಕೆಲಸ.

ಕಾಸು ಕೊಟ್ಟವರಿಗೆ ಒಂದು ಮಾತು. ಲೇಸರ್ ಗನ್ ನೇರ ನಿಮ್ಮ ಕಾರಿಗೇ ಗುರಿ ಇಡುತ್ತದೆ. ಡಬ್ಬಿ ಕೂಗುವಷ್ಟರಲ್ಲಿ ನಿಮ್ಮ ವೇಗ ದಾಖಲಾಗಿರುತ್ತದೆ. ಎರಡು ಕ್ಯಾಮೆರಾಗಳ ನಡುವಿನ ದೂರ ಮತ್ತು ಸಮಯ ಲೆಕ್ಕ ಹಾಕಿ ಸರಾಸರಿ ವೇಗ ಹಿಡಿಯುವ ಕಡೆಯಂತೂ ಡಬ್ಬಿಗೆ ಮೂಸಲು ಅಲೆಯೇ ಇರುವುದಿಲ್ಲ. ಫ್ರಾನ್ಸ್, ಜರ್ಮನಿಗಳಲ್ಲಿ ಇದನ್ನು ಬಳಸುವುದೇ ಅಪರಾಧ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲೂ ನಿಷೇಧವಿದೆ.

ಡಬ್ಬಿ ಕೊಳ್ಳದವರು ಸಾಚಾ ಎಂದೇನಲ್ಲ. ವಾಟ್ಸಾಪ್ ಗ್ರೂಪಿನಲ್ಲಿ "ಬೈಪಾಸ್ ಹತ್ರ ಪೊಲೀಸ್ ಅವ್ರೆ, ನಿಧಾನ" ಎಂದು ಹಾಕುವುದು, ಎದುರು ಬರುವವರಿಗೆ ಲೈಟು ಹೊಡೆಯುವುದು ಎಲ್ಲ ಅದೇ ಜಾತಿ. ನಾವೂ ಲೈಟು ಹೊಡೆದಿದ್ದೇವೆ, ಪುಣ್ಯದ ಕೆಲಸ ಅಂದುಕೊಂಡೇ. ಯಾರನ್ನು ಉಳಿಸುತ್ತಿದ್ದೇವೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಈಗ ಲೆಕ್ಕ ನೋಡಿ. ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದರಲ್ಲಿ ನೂರಕ್ಕೆ 71 ಸಾವಿಗೆ ಅತಿವೇಗ ಕಾರಣ. ಸತ್ತವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು, 19 ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ಡೈರಿಗೆ ಹಾಲು ಹಾಕಲು ಟಿವಿಎಸ್‌ನಲ್ಲಿ ಹೊರಟವರು, ಬಸ್ಸಿಳಿದು ರಸ್ತೆ ದಾಟುತ್ತಿದ್ದವರು. ಅಂದರೆ ನಾವು, ನೀವು.

60ರಲ್ಲಿ ಬರುವ ಕಾರು ನಿಮ್ಮನ್ನು ನೋಡಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 37 ಮೀಟರ್ ಬೇಕು. 100ರಲ್ಲಿ ಬಂದರೆ ಸುಮಾರು 85 ಮೀಟರ್. ಆ ಹೆಚ್ಚುವರಿ 48 ಮೀಟರ್ ಒಳಗೆ ನಿಮ್ಮ ಮಗು ಇದ್ದರೆ?

ಇಷ್ಟಾಗಿ ಉಳಿಯುವುದೇನು? ಬೆಂಗಳೂರು–ಮೈಸೂರು ಹೆದ್ದಾರಿ 118 ಕಿ.ಮೀ. ಕಾರಿನ ಮಿತಿಯಾದ 100ರಲ್ಲೇ ಹೋದರೆ 71 ನಿಮಿಷ. ಎಲ್ಲೂ ನಿಲ್ಲದೆ 130ರಲ್ಲಿ ಓಡಿಸಿದರೂ 54 ನಿಮಿಷ. ಉಳಿದ 17 ನಿಮಿಷವನ್ನು ಕೆಂಗೇರಿ ಟ್ರಾಫಿಕ್ ನುಂಗಿಕೊಳ್ಳುತ್ತದೆ.

"ಪೊಲೀಸರು ಮರದ ಹಿಂದೆ ಬಚ್ಚಿಟ್ಟುಕೊಂಡು ವಸೂಲಿಗೆ ನಿಲ್ತಾರಲ್ಲ, ಅದು ಸರಿಯಾ?" ಎಂದು ಕೇಳುವವರಿದ್ದಾರೆ. ಸರಿಯಲ್ಲ. 80ರ ರಸ್ತೆ ಇದ್ದಕ್ಕಿದ್ದಂತೆ 40 ಆಗುವುದು, ಬೋರ್ಡು ಗಿಡದ ಮರೆಯಲ್ಲಿರುವುದು, ಹಟ್ಟಿಯಲ್ಲಿ ನಿಂತ ಗಾಡಿಗೆ ದಂಡ ಬರುವುದು ನಮಗೂ ಗೊತ್ತು. ಆದರೆ ಅದಕ್ಕೆ ಕಾನೂನಿನಲ್ಲೇ ಮದ್ದಿದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿತು. ಕ್ಯಾಮೆರಾ ಇಟ್ಟ ಕಡೆ ಮೊದಲೇ ಎದ್ದು ಕಾಣುವಂತೆ ಎಚ್ಚರಿಕೆ ಫಲಕ ಹಾಕಬೇಕು. ತಪ್ಪು ನಡೆದ ಮೇಲೆ ನಿಗದಿತ ಅವಧಿಯೊಳಗೆ ನೋಟಿಸ್ ಕಳಿಸಬೇಕು. ಫೋಟೊದಲ್ಲಿ ಗಾಡಿ ನಂಬರ್, ಜಾಗ, ದಿನಾಂಕ, ಸಮಯ ಇರಬೇಕು.

ಕ್ಯಾಮೆರಾ ಎಲ್ಲಿದೆ ಎಂದು ಹೇಳುವುದು ಸರ್ಕಾರದ್ದೇ ಕರ್ತವ್ಯ ಎಂದಾಯಿತು. ಗೂಗಲ್ ಮ್ಯಾಪ್ಸ್ ಕೂಡ ಅನೇಕ ಕಡೆ ತೋರಿಸುತ್ತದೆ. ಮಿತಿಯಲ್ಲಿ ಓಡಿಸುವವನಿಗೆ ಡಬ್ಬಿ ಏಕೆ ಬೇಕು? ಕ್ಯಾಮೆರಾ ಇಲ್ಲದ ಕಡೆ ಹಾರಿಸಿಕೊಂಡು ಹೋಗಬೇಕು ಎನ್ನುವವನಿಗೆ ಮಾತ್ರ ಬೇಕು. ಆ ಕ್ಯಾಮೆರಾ ಇಲ್ಲದ ಕಡೆ ಯಾವುದು ಸ್ವಾಮಿ? ನಮ್ಮೂರೇ.

ಹಾಗಾಗಿ ನಮ್ಮ ಮಾತು ಇಷ್ಟು. ಫಲಕ ಇಲ್ಲದಿದ್ದರೆ ಫೋಟೊ ತೆಗೆದು ಅರ್ಜಿ ಬರೆಯಿರಿ. ಸುಳ್ಳು ಚಲನ್ ಬಂದರೆ ತಕರಾರು ಹಾಕಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ಶಾಲೆ ಮುಂದೆ ವೇಗಮಿತಿ ಬೋರ್ಡು, ಉಬ್ಬು, ಬೀದಿದೀಪ ಬೇಕೆಂದು ನಿರ್ಣಯ ಬರೆಸಿ. ಅರ್ಜಿ ಬರೆಯಲು ಬಾರದವರು ನಮ್ಮನ್ನು ಕೇಳಿ, ಬರೆದುಕೊಡುತ್ತೇವೆ.

ಮತ್ತೆ, ಮನೆಯಲ್ಲಿ ಕಾರು ಓಡಿಸುವ ಮಗನೋ ಅಳಿಯನೋ ಇಂಥ ಡಬ್ಬಿ ತಂದು ಅಂಟಿಸಿದ್ದರೆ, ದಯವಿಟ್ಟು ಕಿತ್ತಿಡಿ. ಮುಂದಿನೂರಿನಲ್ಲೂ ಒಬ್ಬ ಅಜ್ಜಿ ಹಸು ಹೊಡೆದುಕೊಂಡು ರಸ್ತೆ ದಾಟುತ್ತಿರುತ್ತಾರೆ. ಅವರ ಹತ್ತಿರ ರೇಡಾರ್ ಇರುವುದಿಲ್ಲ.